ಬೈರೂತ್ ಪ್ರಾಂತ: ನೌಕಾ ದಿಗ್ಬಂಧನದ ವರ್ಷಗಳು (1914–18)

ಬೈರೂತ್ ಪ್ರಾಂತ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿದ್ದ ಮೆಡಿಟರೇನಿಯನ್ ಕರಾವಳಿಯ ಆಡಳಿತ ವಿಭಾಗ. 1888ರಲ್ಲಿ ರಚನೆಯಾದ ಇದರಲ್ಲಿ ಉತ್ತರದ ಲತಾಕಿಯದಿಂದ ದಕ್ಷಿಣದ ಹೈಫಾದವರೆಗಿನ ಬಂದರುಗಳೂ ಒಳನಾಡಿನ ನಾಬ್ಲುಸ್ ಸೀಮೆಯೂ ಸೇರಿದ್ದವು. ಬೈರೂತಿನ ಬೆನ್ನಿಗಿದ್ದ ಲೆಬನಾನ್ ಪರ್ವತ ಮಾತ್ರ 1861ರಿಂದಲೇ ಪ್ರತ್ಯೇಕ ಸ್ವಾಯತ್ತ ಜಿಲ್ಲೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ನಿನ ಹಡಗುಗಳು ಈ ಕರಾವಳಿಗೆ ಅಡ್ಡಗಟ್ಟಿದವು. ಒಳನಾಡಿನ ದಾರಿಗಳು ಸೈನ್ಯದ ಪಾಲಾದವು. ಇವೆರಡರ ನಡುವೆ ಸಿಕ್ಕಿಕೊಂಡ ಜನ ಭೀಕರ ಕ್ಷಾಮಕ್ಕೆ ತುತ್ತಾದರು.

ಪರ್ವತದ ಬದುಕು ನಿಂತಿದ್ದದ್ದೇ ರೇಷ್ಮೆಯ ಮೇಲೆ. ಇಳಿಜಾರುಗಳಲ್ಲೆಲ್ಲ ಹಿಪ್ಪುನೇರಳೆ ತೋಟ. ಬಿಚ್ಚಿದ ನೂಲು ಬೈರೂತ್ ಬಂದರಿನಿಂದ ಫ್ರಾನ್ಸಿನ ಲಿಯಾನ್ ನಗರಕ್ಕೆ ಹೋಗುತ್ತಿತ್ತು. ಅಮೆರಿಕ ಖಂಡಗಳಿಗೆ ವಲಸೆ ಹೋದ ಮಕ್ಕಳು ಮನೆಗೆ ಕಳಿಸುವ ಹಣ ಇನ್ನೊಂದು ಆಸರೆ. ಅಲ್ಲಿ ಬೆಳೆಯುತ್ತಿದ್ದ ಧಾನ್ಯ ವರ್ಷದ ಕೆಲವೇ ತಿಂಗಳಿಗೆ ಸಾಲುತ್ತಿತ್ತು. ಮಿಕ್ಕ ಗೋಧಿ ಬೆಕಾ ಕಣಿವೆಯಿಂದಲೂ ದಮಾಸ್ಕಸ್ಸಿನಾಚೆಯ ಹೌರಾನ್ ಬಯಲಿನಿಂದಲೂ ಬರಬೇಕಿತ್ತು.

1914ರ ನವೆಂಬರ್‌ನಲ್ಲಿ ತುರ್ಕಿ ಯುದ್ಧಕ್ಕಿಳಿಯಿತು. ಬಂದರಿನ ವ್ಯಾಪಾರ ಆಗಲೇ ನೆಲ ಕಚ್ಚಿತು. 1915ರ ಆಗಸ್ಟ್‌ನಲ್ಲಿ ಫ್ರಾನ್ಸ್ ಸಿರಿಯಾ ಕರಾವಳಿಯ ದಿಗ್ಬಂಧನವನ್ನು ಅಧಿಕೃತವಾಗಿ ಘೋಷಿಸಿತು. ಮರುತಿಂಗಳೇ ಅದರ ನೌಕಾಪಡೆ ತೀರಕ್ಕೆ ಹತ್ತಿರದ ಅರ್ವಾದ್ ದ್ವೀಪವನ್ನು ಹಿಡಿದು ಅಲ್ಲಿ ಠಾಣ್ಯ ಹೂಡಿತು. ರೇಷ್ಮೆ ಹೊರಹೋಗಲಿಲ್ಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ, ಔಷಧ, ಕಲ್ಲಿದ್ದಲು ಒಳಬರಲಿಲ್ಲ. ಕಲ್ಲಿದ್ದಲಿಲ್ಲದ ರೈಲು ಎಂಜಿನ್‌ಗಳಿಗೆ ಸೌದೆ ಬೇಕಾಯಿತು; ಕಾಡಿನ ಮರಗಳ ಜೊತೆಗೆ ಹಿಪ್ಪುನೇರಳೆ, ಆಲಿವ್ ಮರಗಳಿಗೂ ಕೊಡಲಿ ಬಿತ್ತು.

ಕಷ್ಟವೆಲ್ಲ ಸಮುದ್ರದ ಕಡೆಯಿಂದಲೇ ಬರಲಿಲ್ಲ. ನಾಲ್ಕನೆಯ ಸೇನೆಯ ದಂಡನಾಯಕ ಜಮಾಲ್ ಪಾಷಾ 1914ರ ಕೊನೆಯಲ್ಲಿ ಸಿರಿಯಾಕ್ಕೆ ಬಂದಾಗ ಅವನ ಕಣ್ಣಿದ್ದದ್ದು ಸೂಯೆಜ್ ಕಾಲುವೆಯ ಮೇಲೆ. ದಂಡಿಗಾಗಿ ರೈತರ ಧಾನ್ಯ, ಕತ್ತೆ, ಒಂಟೆಗಳು ಜಫ್ತಿಯಾದವು. ದುಡಿಯುವ ಗಂಡಸರು ಸೈನ್ಯಕ್ಕೆ ಹೋದರು. ಬೈರೂತ್–ದಮಾಸ್ಕಸ್ ರೈಲಿನಲ್ಲಿ ಸೈನ್ಯದ ಸರಂಜಾಮಿಗೇ ಮೊದಲ ಜಾಗ. ಸರ್ಕಾರ 1915ರಲ್ಲಿ ಹೊರತಂದ ಕಾಗದದ ಹಣದ ಬೆಲೆ ಕುಸಿಯುತ್ತಲೇ ಹೋಯಿತು. ಚಿನ್ನ ಕೊಟ್ಟರೆ ಮಾತ್ರ ಗೋಧಿ ಎಂದರು ಬೆಳೆಗಾರರು. ವರ್ತಕರು ದಾಸ್ತಾನು ಬಚ್ಚಿಟ್ಟು ಬೆಲೆ ಏರುವುದನ್ನು ಕಾದರು. ಸಾಲದ್ದಕ್ಕೆ 1915ರ ವಸಂತದಲ್ಲಿ ಮಿಡತೆಗಳ ಹಿಂಡು ಬಂದೆರಗಿ ಪೈರನ್ನೂ ಹಣ್ಣಿನ ತೋಟಗಳನ್ನೂ ತಿಂದು ಹಾಕಿತು.

1916ರ ಹೊತ್ತಿಗೆ ಹಳ್ಳಿಗರು ಮನೆಯ ತೊಲೆ, ಹೆಂಚುಗಳನ್ನೂ ಮಾರಿ ಪಟ್ಟಣಕ್ಕಿಳಿದರು. ಹೊಟ್ಟೆಗಿಲ್ಲದ ಮೈಗಳಿಗೆ ಟೈಫಸ್, ಮಲೇರಿಯಾ ಬೇಗ ಹತ್ತಿದವು. ಅದೇ ವರ್ಷ ಮೇ 6ರಂದು ಜಮಾಲ್ ಪಾಷಾ ಅರಬ್ ರಾಷ್ಟ್ರವಾದಿಗಳನ್ನು ಬೈರೂತ್, ದಮಾಸ್ಕಸ್ ಎರಡೂ ಕಡೆ ಗಲ್ಲಿಗೇರಿಸಿದ. ಪ್ರಾಂತಾಧಿಕಾರಿ ಅಜ್ಮಿ ಬೇ ಅಗಲ ಬೀದಿಗಳಿಗಾಗಿ ಹಳೆಯ ಪೇಟೆಯನ್ನು ಕೆಡವಿಸಿದ್ದ. ಪ್ರಾಂತದ ಸಮಗ್ರ ಸಮೀಕ್ಷೆಗೂ ಅವನೇ ಆಜ್ಞೆ ಮಾಡಿದ. ರಫೀಕ್ ತಮೀಮಿ ಮತ್ತು ಮೆಹ್ಮದ್ ಬೆಹ್ಜತ್ ಬರೆದ ಅದರ ಎರಡು ಸಂಪುಟಗಳು ಕ್ಷಾಮದ ನಡುವೆಯೇ ತಯಾರಾದವು.

ನೆರವು ಸಂದುಗೊಂದುಗಳಲ್ಲಿ ನುಸುಳಿ ಬಂತು. ಇಂದಿನ ಬೈರೂತ್ ಅಮೆರಿಕನ್ ವಿಶ್ವವಿದ್ಯಾಲಯವಾಗಿರುವ ಸಿರಿಯನ್ ಪ್ರಾಟೆಸ್ಟಂಟ್ ಕಾಲೇಜಿನವರು ಗಂಜಿ ಕೇಂದ್ರಗಳನ್ನು ನಡೆಸಿದರು. ಮಿಷನರಿಗಳ ಅಮೆರಿಕನ್ ಮುದ್ರಣಾಲಯ ವಲಸಿಗರ ಹಣವನ್ನು ಬಂಧುಗಳಿಗೆ ಮುಟ್ಟಿಸುವ ಕಚೇರಿಯೂ ಆಯಿತು. ಅರ್ವಾದ್‌ನಿಂದ ಚಿನ್ನ ಗುಟ್ಟಾಗಿ ಮಾರೊನೈಟ್ ಕ್ರೈಸ್ತರ ಧರ್ಮಗುರುಗಳಿಗೆ ತಲಪುತ್ತಿತ್ತು. ನ್ಯೂಯಾರ್ಕ್‌ನಲ್ಲಿ ಕವಿ ಖಲೀಲ್ ಗಿಬ್ರಾನ್ ಪರಿಹಾರ ಸಮಿತಿಯ ಕಾರ್ಯದರ್ಶಿಯಾಗಿ ದುಡಿದ. 1916ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಹೊರಟ ‘ಸೀಸರ್’ ಹಡಗಿನ ಧಾನ್ಯ ಮಾತ್ರ ಬೈರೂತ್ ತಲಪಲೇ ಇಲ್ಲ.

1918ರ ಸೆಪ್ಟೆಂಬರ್ 23ರಂದು ಈ ಪ್ರಾಂತದ ಹೈಫಾ ಬಂದರನ್ನು ಗೆದ್ದ ಪಡೆಯಲ್ಲಿ ಜೋಧಪುರದ ಸವಾರರ ಜೊತೆ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಅಶ್ವದಳವೂ ಇತ್ತು. ಅಕ್ಟೋಬರ್ 8ರಂದು ಭಾರತೀಯ ಸೇನೆಯ 7ನೇ ಡಿವಿಷನ್ ಬೈರೂತನ್ನು ಹೊಕ್ಕಿತು. ಸಮುದ್ರಮಾರ್ಗ ತೆರೆಯಿತು, ಧಾನ್ಯ ಬರತೊಡಗಿತು.

ಸತ್ತವರ ಲೆಕ್ಕ ಅಂದಾಜಿನದೇ. ಸುಮಾರು 4 ಲಕ್ಷ ಜನರಿದ್ದ ಲೆಬನಾನ್ ಪರ್ವತ ಸೀಮೆಯಲ್ಲಿ 1.5ರಿಂದ 2 ಲಕ್ಷ ಎನ್ನುವುದು ವಾಡಿಕೆ. ಇಡೀ ಸಿರಿಯಾಕ್ಕೆ 5 ಲಕ್ಷದವರೆಗೂ ಹೇಳುವುದುಂಟು. ಬಹುಕಾಲ ಹೊಣೆಯೆಲ್ಲ ಜಮಾಲ್ ಪಾಷಾನ ತಲೆಗೇ ಬಿತ್ತು. ಲಿಂಡಾ ಶಿಲ್ಚರ್ 1992ರ ಪ್ರಬಂಧದಲ್ಲಿ ದಿಗ್ಬಂಧನದ ಪಾತ್ರವನ್ನು ಎತ್ತಿ ತೋರಿಸಿದ ಮೇಲೆ ಇತಿಹಾಸಕಾರರು ಹಡಗು, ಜಫ್ತಿ, ಮಿಡತೆ, ದಾಸ್ತಾನುಕೋರರು ಎಲ್ಲವನ್ನೂ ಒಟ್ಟಿಗೆ ತೂಗುತ್ತಾರೆ. ಗಲ್ಲಿಗೇರಿದವರ ಹೆಸರಿನಲ್ಲಿ ಬೈರೂತಿನಲ್ಲಿ ಹುತಾತ್ಮರ ಚೌಕವಿದೆ. ಮೇ 6 ಹುತಾತ್ಮರ ದಿನ. ಹಸಿವಿನಿಂದ ಸತ್ತವರಿಗೆ ಆ ನಗರದಲ್ಲಿ ಸ್ಮಾರಕ ಎದ್ದದ್ದು 2018ರಲ್ಲಿ.