ಬೆಂಕಿ ಆರಿಸೋಕೆ ಸೈನಿಕರು ಯಾಕೆ? ಪ್ಯಾರಿಸ್ ಫೈರ್ ಬ್ರಿಗೇಡ್ ಕಥೆ

ನಮ್ಮ ಊರಲ್ಲಿ ಎಲ್ಲಾದರೂ ಬೆಂಕಿ ಬಿದ್ದರೆ ಯಾರು ಬರ್ತಾರೆ? ರಾಜ್ಯ ಸರ್ಕಾರದ ಅಗ್ನಿಶಾಮಕ ದಳ. ಕೆಂಪು ಗಾಡಿ, ಖಾಕಿ ಬಟ್ಟೆ, ಆದರೆ ಅವರು ಸೈನಿಕರಲ್ಲ. ಪ್ಯಾರಿಸ್‌ನಲ್ಲಿ ಹಾಗಲ್ಲ. ಅಲ್ಲಿ ನಿಮ್ಮ ಅಡುಗೆಮನೆಗೆ ಬೆಂಕಿ ಬಿದ್ದರೆ ಗಾಡಿಯಿಂದ ಇಳಿಯೋರು ಫ್ರೆಂಚ್ ಭೂಸೇನೆಯ ಸೈನಿಕರು, ಅವರ ಮೇಲಧಿಕಾರಿ ಒಬ್ಬ ಜನರಲ್. ಫ್ರಾನ್ಸ್‌ನ ಉಳಿದ ಬಹುತೇಕ ಊರುಗಳಲ್ಲಿ ಈ ಕೆಲಸ ನಾಗರಿಕರದು. ಅವರಲ್ಲೂ ಹೆಚ್ಚಿನವರು ಬೇರೆ ಉದ್ಯೋಗ ಇಟ್ಟುಕೊಂಡಿರುವ ಸ್ವಯಂಸೇವಕರು. ಹಾಗಾದರೆ ರಾಜಧಾನಿಗೆ ಮಾತ್ರ ಸೈನ್ಯ ಯಾಕೆ ಬಂತು? ಒಂದು ಡ್ಯಾನ್ಸ್ ಪಾರ್ಟಿಯಿಂದ.

1810ರ ಜುಲೈ 1. ನೆಪೋಲಿಯನ್ ಆಸ್ಟ್ರಿಯಾದ ರಾಜಕುಮಾರಿ ಮಾರಿ ಲೂಯಿಸ್‌ಳನ್ನು ಮದುವೆಯಾಗಿ ಮೂರು ತಿಂಗಳಾಗಿತ್ತು. ಪ್ಯಾರಿಸ್‌ನಲ್ಲಿದ್ದ ಆಸ್ಟ್ರಿಯಾದ ರಾಯಭಾರಿ ಶ್ವಾರ್ಜೆನ್‌ಬರ್ಗ್ ಅದಕ್ಕೊಂದು ಭರ್ಜರಿ ಪಾರ್ಟಿ ಇಟ್ಟ. ಅತಿಥಿಗಳು ಸಾವಿರಕ್ಕೂ ಹೆಚ್ಚು, ಅವನ ಮನೆಯಲ್ಲಿ ಅಷ್ಟು ಜಾಗ ಇಲ್ಲ. ಅದಕ್ಕೇ ತೋಟದಲ್ಲಿ ಮರದ ಹಲಗೆಯ ತಾತ್ಕಾಲಿಕ ಹಾಲ್ ಕಟ್ಟಿಸಿದ. ನಮ್ಮ ಮದುವೆ ಮಂಟಪಗಳ ಹಾಗೆ ಅಂದ್ಕೊಳ್ಳಿ: ಒಳಗೆಲ್ಲ ತೆಳು ಬಟ್ಟೆಯ ಅಲಂಕಾರ, ಕಾಗದದ ಹೂವು, ಮೇಲೆ ನೂರಾರು ಮೇಣದಬತ್ತಿ. ಬೇಸಿಗೆ ಬೇರೆ, ಮರ ಒಣಗಿ ಕೂತಿತ್ತು.

ಒಂದು ಮೇಣದಬತ್ತಿಯ ಜ್ವಾಲೆ ಪರದೆಗೆ ತಾಗಿತು. ಅಷ್ಟೇ. ಬೆಂಕಿ ಛಾವಣಿಗೆ ಹತ್ತಿ, ಸ್ವಲ್ಪ ಹೊತ್ತಿಗೇ ಹಾಲ್ ಕುಸಿಯಿತು. ನೆಪೋಲಿಯನ್ ಹೆಂಡತಿಯನ್ನು ಹೊರಗೆ ಕರೆದೊಯ್ದು, ಆಮೇಲೆ ತಾನೇ ವಾಪಸ್ ಬಂದು ನಿಂತ. ರಾಯಭಾರಿಯ ಅಣ್ಣನ ಹೆಂಡತಿ ಪಾಲೀನ್ ತನ್ನ ಮಗಳು ಒಳಗೇ ಇದ್ದಾಳೆ ಅಂದ್ಕೊಂಡು ಹುಡುಕೋಕೆ ಹೋದವಳು ಮತ್ತೆ ಬರಲಿಲ್ಲ. ಮಗಳು ಬದುಕಿದ್ದಳು.

ಆವತ್ತು ಫೈರ್‌ಮ್ಯಾನ್‌ಗಳು ಇರಲಿಲ್ವಾ? ಇದ್ದರು, ಬೆರಳೆಣಿಕೆಯಷ್ಟು ಜನ. ಅವರ ಮುಖ್ಯಸ್ಥ ಊರಲ್ಲೇ ಇರಲಿಲ್ಲ. ಚಕ್ರವರ್ತಿಯ ಕಣ್ಣೆದುರೇ ವ್ಯವಸ್ಥೆ ಕೈಕೊಟ್ಟಿತ್ತು.

ಇಲ್ಲಿ ಸ್ವಲ್ಪ ಹಿಂದೆ ಹೋಗೋಣ, ಯಾಕಂದರೆ ಆ ಹಳೆಯ ವ್ಯವಸ್ಥೆಯ ಹುಟ್ಟೂ ತಮಾಷೆಯಾಗಿದೆ. ಪ್ಯಾರಿಸ್‌ಗೆ ಫೈರ್ ಪಂಪ್ ತಂದದ್ದು ಒಬ್ಬ ನಟ! ಫ್ರಾನ್ಸ್ವಾ ದ್ಯೂಮೂರಿಯೆ ದ್ಯು ಪೆರಿಯೆ ಅಂತ, ನಾಟಕಕಾರ ಮೋಲಿಯೇರ್‌ನ ಹತ್ತಿರ ಕೆಲಸಕ್ಕಿದ್ದವನು. ಡಚ್ಚರು ಬಗ್ಗುವ ಪೈಪ್ ಇರುವ ಪಂಪ್ ಮಾಡಿದ್ದರು. ಅಂಥ ಪಂಪ್ ತಯಾರಿಸಿ ಮಾರುವ ಹಕ್ಕನ್ನು ಇವನು 1699ರಲ್ಲಿ ರಾಜನಿಂದ ಪಡೆದ. 1716ರಲ್ಲಿ ಪಂಪ್ ಕಾಯೋರ ಒಂದು ಪುಟ್ಟ ದಳ ಶುರುವಾಯಿತು. ಅವರು ಬ್ಯಾರಕ್‌ನಲ್ಲಿ ಇರೋರಲ್ಲ. ತಮ್ಮ ತಮ್ಮ ಕಸುಬು ಮಾಡಿಕೊಂಡು, ಬೆಂಕಿ ಬಿದ್ದಾಗ ಓಡೋರು.

ಈ ದಳ ಇದ್ದಾಗಲೇ, 1772ರ ಡಿಸೆಂಬರ್ ಕೊನೆಗೆ, ಬಡವರು ತುಂಬಿದ್ದ ಒತೆಲ್ ದ್ಯೂ ಆಸ್ಪತ್ರೆಗೆ ಬೆಂಕಿ ಬಿತ್ತು. ಒಂದೊಂದು ಮಂಚದಲ್ಲಿ ಹಲವು ರೋಗಿಗಳು ಮಲಗುತ್ತಿದ್ದ ಆಸ್ಪತ್ರೆ ಅದು. ಆಗ ಯಾರೂ ಸೈನ್ಯ ತರಲಿಲ್ಲ. ಚಕ್ರವರ್ತಿಯ ಪಾರ್ಟಿ ಸುಟ್ಟಾಗ ತಂದರು. ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಚುಚ್ಚೋ ವಿಷಯ ಇದೇ.

1811ರ ಸೆಪ್ಟೆಂಬರ್ 18. ನೆಪೋಲಿಯನ್ ಆದೇಶ ಹೊರಡಿಸಿದ: ಹಳೆಯ ದಳ ರದ್ದು, ನಾಲ್ಕು ಕಂಪನಿಗಳ ಹೊಸ ಬೆಟಾಲಿಯನ್. ಬ್ಯಾರಕ್‌ನಲ್ಲೇ ವಾಸ, ಸೈನ್ಯದ ಶಿಸ್ತು, ಮೇಲೆ ಪೊಲೀಸ್ ಪ್ರಿಫೆಕ್ಟ್. ಹೆಸರು ಸಾಪರ್ ಪೊಂಪಿಯೆ. ಪೊಂಪಿಯೆ ಅಂದರೆ ಪಂಪಿನವನು. ಸಾಪರ್ ಅನ್ನೋ ಪದ ಬೆಂಗಳೂರಿನವರಿಗೆ ಗೊತ್ತೇ ಇದೆ: ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್. ಅದೇ ಪದ, ಗೋಡೆ ಒಡೆಯುವ, ಸುರಂಗ ತೋಡುವ ಸೈನಿಕ. ಆಗಿನ ಕಾಲದಲ್ಲಿ ಬೆಂಕಿ ಹರಡದಂತೆ ಪಕ್ಕದ ಮನೆಯನ್ನೇ ಕೆಡವಬೇಕಿತ್ತಲ್ಲ, ಅದಕ್ಕೆ ಆ ಹೆಸರು. 1821ರಲ್ಲಿ ದಳವನ್ನು ಸೈನ್ಯದ ಲೆಕ್ಕಕ್ಕೇ ಸೇರಿಸಿದರು.

ಸೈನ್ಯ ಅಂದಮೇಲೆ ಕಸರತ್ತು. ಪ್ಯಾರಿಸ್‌ನ ಫೈರ್ ಸ್ಟೇಷನ್‌ಗಳಲ್ಲಿ ಇವತ್ತಿಗೂ ಒಂದು ಪರೀಕ್ಷೆ ಇದೆ, ಹೆಸರು ಪ್ಲಾಂಶ್, ಅಂದರೆ ಹಲಗೆ. ನೆಲದಿಂದ 2.40 ಮೀಟರ್ ಎತ್ತರಕ್ಕೆ ಒಂದು ಹಲಗೆ ಇರುತ್ತದೆ. ಹೆಲ್ಮೆಟ್, ಬೂಟು ಎಲ್ಲ ಹಾಕಿಕೊಂಡು ಅದಕ್ಕೆ ನೇತು ಬಿದ್ದು, ತೋಳಿನ ಬಲದಿಂದಲೇ ಮೇಲೆ ಹತ್ತಬೇಕು. ಜಿಮ್‌ನ ಪುಲ್ ಅಪ್ ಅಲ್ಲ ಇದು, ದೇಹ ಪೂರ್ತಿ ಹಲಗೆಯ ಮೇಲೆ ಬರಬೇಕು. ಯಾಕೆ? ಸುಡುತ್ತಿರುವ ಮನೆಯಲ್ಲಿ ಕಾಲ ಕೆಳಗಿನ ನೆಲ ಕುಸಿದರೆ, ಕೈಗೆ ಸಿಕ್ಕ ಅಂಚು ಹಿಡಿದು ಮೇಲೆ ಬರೋಕೆ ಆಗಬೇಕಲ್ಲ. 19ನೇ ಶತಮಾನದಲ್ಲಿ ಇದೇ ದಳದ ಕಮಾಂಡರ್ ಪೋಲಾಂ ಹೊಗೆಯೊಳಗೆ ಹೋಗೋಕೆ ಒಂದು ಚರ್ಮದ ಅಂಗಿ ಮಾಡಿಸಿದ್ದ. ತಲೆಗೂ ಸೇರಿದ ಅಂಗಿ, ಮುಖಕ್ಕೆ ಗಾಜು. ಹೊರಗಿನವರು ನೀರಿನ ಪಂಪಿನಿಂದಲೇ ಪೈಪ್ ಮೂಲಕ ಗಾಳಿ ತುಂಬುತ್ತಿದ್ದರು. ಪಂಪ್ ಒತ್ತೋರು ನಿಲ್ಲಿಸಿದರೆ ಒಳಗಿನವನ ಕಥೆ ಮುಗೀತು.

ಇದೇ ಕಥೆ ಇನ್ನೊಂದು ಊರಲ್ಲೂ ನಡೀತು. 1938ರ ಅಕ್ಟೋಬರ್ 28, ಬಂದರು ನಗರ ಮಾರ್ಸೆಯ್. ನೂವೆಲ್ ಗ್ಯಾಲರಿ ಅನ್ನೋ ದೊಡ್ಡ ಅಂಗಡಿಗೆ ಬೆಂಕಿ ಬಿದ್ದು 73 ಜನ ಸತ್ತರು. ಆ ದಿನ ಊರಲ್ಲಿ ಪ್ರಧಾನಿ ದಲಾದಿಯೆ ಅವರ ಪಕ್ಷದ ಸಮಾವೇಶ. ನಾಯಕರು ಉಳಿದಿದ್ದ ಹೋಟೆಲ್ ಎದುರು ಬದಿಯಲ್ಲೇ ಇತ್ತು, ಕಿಡಿ ಅಲ್ಲಿಗೂ ಹಾರಿತು. ಮತ್ತೆ ದೊಡ್ಡವರ ಕಣ್ಣೆದುರಿನ ಬೆಂಕಿ! 1939ರ ಜುಲೈ 29ರಂದು ಆ ಊರಿನ ಅಗ್ನಿಶಾಮಕ ಕೆಲಸವನ್ನು ನೌಕಾಪಡೆಗೆ ಕೊಟ್ಟರು. ಇವತ್ತಿಗೂ ಅಲ್ಲಿ ಬೆಂಕಿ ಆರಿಸೋರು ನಾವಿಕರು. ಖರ್ಚು ನಗರದ್ದು.

ಪ್ಯಾರಿಸ್ ದಳ ಮೊದಲು ರೆಜಿಮೆಂಟ್ ಆಯಿತು, ಆಮೇಲೆ 1967ರ ಮಾರ್ಚ್ 1ರಂದು ಬ್ರಿಗೇಡ್. ಊರು ಹೊರಗೆ ಬೆಳೆದಿತ್ತು, ಹಾಗಾಗಿ ಪ್ಯಾರಿಸ್ ಜೊತೆ ಸುತ್ತಲಿನ ಮೂರು ಜಿಲ್ಲೆಗಳೂ ಇದರ ಕೆಳಗೆ ಬರುತ್ತವೆ. ಸುಮಾರು 8,500 ಮಂದಿ, ಕಾಯಬೇಕಾದ ಜನ ಸುಮಾರು 70 ಲಕ್ಷ. ಯಜಮಾನರು ಮಾತ್ರ ಒಬ್ಬರಲ್ಲ. ಸಿಬ್ಬಂದಿ ಭೂಸೇನೆಯ ಇಂಜಿನಿಯರಿಂಗ್ ವಿಭಾಗದವರು, ಕೆಲಸದ ಆದೇಶ ಪೊಲೀಸ್ ಪ್ರಿಫೆಕ್ಟ್‌ದು, ಹಣ ಸರ್ಕಾರ ಮತ್ತು ಸ್ಥಳೀಯ ಪಾಲಿಕೆಗಳದು. ವರ್ಷಕ್ಕೆ ಸುಮಾರು 5 ಲಕ್ಷ ಸಲ ಹೊರಡುತ್ತಾರೆ, ಅದರಲ್ಲಿ ಬೆಂಕಿ ಶೇಕಡ 5ಕ್ಕೂ ಕಡಿಮೆ. ಉಳಿದದ್ದರಲ್ಲಿ ಬಹುಪಾಲು ಎದೆನೋವು, ಬಿದ್ದ ಮುದುಕರು, ಅಪಘಾತ, ಇಂಥವೇ. ಡ್ಯಾನ್ಸ್ ಪಾರ್ಟಿಯಿಂದ ಹುಟ್ಟಿದ ದಳ ಅಲ್ವಾ, ಪ್ರತಿ ಜುಲೈ 14ರ ರಾಷ್ಟ್ರೀಯ ಹಬ್ಬಕ್ಕೆ ಇವರ ಸ್ಟೇಷನ್‌ಗಳಲ್ಲೇ ಜನರಿಗಾಗಿ ಡ್ಯಾನ್ಸ್ ಪಾರ್ಟಿ ನಡೆಯುತ್ತದೆ. ಬೆಳಗ್ಗೆ ಪರೇಡ್, ರಾತ್ರಿ ಕುಣಿತ.

ದಳದ ಘೋಷವಾಕ್ಯವನ್ನು ಕನ್ನಡದಲ್ಲಿ ಹೇಳೋದಾದರೆ: ಉಳಿಸು, ಇಲ್ಲವೇ ಅಳಿ. ಬರೀ ಮಾತಲ್ಲ ಅದು. 2002ರ ಸೆಪ್ಟೆಂಬರ್‌ನಲ್ಲಿ ನ್ಯೂಯಿ ಅನ್ನೋ ಪಕ್ಕದ ಊರಲ್ಲಿ, ವಿದ್ಯಾರ್ಥಿಗಳು ಬಾಡಿಗೆಗಿರುವಂಥ ಮೇಲ್ಮಹಡಿಯ ಪುಟ್ಟ ಕೋಣೆಗಳ ಬೆಂಕಿಯಲ್ಲಿ ಬ್ರಿಗೇಡ್‌ನ ಐವರು ಸತ್ತರು. ಐವರೂ ಯುವಕರು. 2019ರ ಜನವರಿಯಲ್ಲಿ ಟ್ರೆವಿಸ್ ರಸ್ತೆಯಲ್ಲಿ ಗ್ಯಾಸ್ ಸೋರಿಕೆ ನೋಡೋಕೆ ಹೋದಾಗ ಸ್ಫೋಟವಾಗಿ ಇಬ್ಬರು ಹೋದರು.

ಅದೇ ವರ್ಷ ಏಪ್ರಿಲ್ 15, ನೋತ್ರ್ ದಾಮ್. ಆ ವಿಡಿಯೊ ನೀವೆಲ್ಲ ಫೋನಲ್ಲಿ ನೋಡಿರ್ತೀರಿ: ಗೋಪುರದ ಮೊನೆ ಮುರಿದು ಬೀಳೋದು. ಆದರೆ ನಿಜವಾದ ನಿರ್ಧಾರ ಅದಾದ ಮೇಲೆ ಬಂತು. ಉತ್ತರದ ಗಂಟೆ ಗೋಪುರದೊಳಗೆ ಬೆಂಕಿ ಹೊಕ್ಕಿತ್ತು. ಮರದ ಚೌಕಟ್ಟು ಸುಟ್ಟರೆ ದೊಡ್ಡ ಗಂಟೆಗಳು ಬೀಳ್ತವೆ, ಗಂಟೆ ಬಿದ್ದರೆ ಗೋಪುರ ಬೀಳುತ್ತೆ, ಆಮೇಲೆ ಇಡೀ ಕಟ್ಟಡ. ಜನರಲ್ ಗಾಲೆ ಒಂದು ಸಣ್ಣ ತಂಡವನ್ನು ಆ ಗೋಪುರದ ಒಳಗೇ ಕಳಿಸಿದರು. ಕುಸಿದರೆ ಅವರು ಬರೋದಿಲ್ಲ ಅಂತ ಕಳಿಸಿದವರಿಗೂ ಗೊತ್ತು, ಹೋದವರಿಗೂ ಗೊತ್ತು. ಗೋಪುರ ಉಳಿಯಿತು, ಹೋದವರೂ ವಾಪಸ್ ಬಂದರು. ನಾಗರಿಕ ದಳದವರು ಹೋಗ್ತಿರಲಿಲ್ಲ ಅಂತ ನಾನು ಹೇಳ್ತಿಲ್ಲ, ಜಗತ್ತಿನ ಎಲ್ಲ ಕಡೆ ಅವರೂ ಹೋಗ್ತಾರೆ. ವ್ಯತ್ಯಾಸ ಬೇರೆ ಕಡೆ ಇದೆ.

ಆರು ತಿಂಗಳಾದ ಮೇಲೆ, 2019ರ ಅಕ್ಟೋಬರ್ 15ರಂದು, ಫ್ರಾನ್ಸ್‌ನ ನಾಗರಿಕ ಫೈರ್‌ಮ್ಯಾನ್‌ಗಳು ಸಾವಿರಾರು ಜನ ಪ್ಯಾರಿಸ್‌ಗೆ ಬಂದು ಮೆರವಣಿಗೆ ಮಾಡಿದರು. ಭತ್ಯೆ ಹೆಚ್ಚಿಸಿ, ಸಿಬ್ಬಂದಿ ಕೊಡಿ, ನಮ್ಮ ಮೇಲಿನ ಹಲ್ಲೆ ತಡೀರಿ ಅಂತ. ಕೊನೆಗೆ ಪೊಲೀಸರ ಜೊತೆ ಘರ್ಷಣೆ, ಅಶ್ರುವಾಯು. ನೋತ್ರ್ ದಾಮ್ ಉಳಿಸಿದವರು ಆ ಮೆರವಣಿಗೆಯಲ್ಲಿ ಸೇರೋ ಹಾಗಿರಲಿಲ್ಲ. ಸೈನಿಕರಿಗೆ ಮುಷ್ಕರದ ಹಕ್ಕಿಲ್ಲ, ಯೂನಿಯನ್ ಇಲ್ಲ. ಎಂದಿನ ಹಾಗೆ ಅವರು ತಮ್ಮ ಸ್ಟೇಷನ್‌ಗಳಲ್ಲಿ ಡ್ಯೂಟಿಯಲ್ಲಿದ್ದರು.