ಎ ಜೀವಸತ್ವದ ಸಂಕೇತ ಮತ್ತು ಜೀಬ್ರಾ ಮೀನು: ಅಳಿಸುವ ಕಿಣ್ವದ ಚರಿತ್ರೆ

ಎ ಜೀವಸತ್ವದ ಸಂಶೋಧನೆಗೆ ಮೀನು ಮೊದಲು ಬಂದದ್ದು ಎಣ್ಣೆಯ ರೂಪದಲ್ಲಿ. 1931ರಲ್ಲಿ ಪೌಲ್ ಕಾರರ್ ಈ ಸತ್ವದ ರಚನೆಯನ್ನು ಬಿಡಿಸಿದಾಗ ಅವರ ಕೈಲಿದ್ದದ್ದು ಮೀನಿನ ಪಿತ್ತಜನಕಾಂಗದ ಎಣ್ಣೆ. 1950ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಆರ್. ಕಾಮಾ ಮತ್ತು ಸಂಗಡಿಗರು ಈ ಸತ್ವದ ಇನ್ನೊಂದು ರೂಪವಾದ ಎ2 ಜೀವಸತ್ವವನ್ನು ಹುಡುಕಿದ್ದೂ ಭಾರತೀಯ ಮೀನುಗಳ ಎಣ್ಣೆಯಲ್ಲೇ. ಆ ಕಾಲಕ್ಕೆ ಮೀನು ಬರಿಯ ಆಕರ. ಅದನ್ನೇ ಸಾಕಿ, ಅದರ ಭ್ರೂಣದಲ್ಲಿ ಜೀವಸತ್ವ ಏನು ಮಾಡುತ್ತದೆಂದು ನೋಡುವ ಕಾಲ ಬಂದದ್ದು ಬಹಳ ತಡವಾಗಿ. ಮೀನನ್ನು ಆರಿಸಿಕೊಂಡದ್ದು ಇಲಿಗಿಂತ ಅಗ್ಗವೆಂಬ ಕಾರಣಕ್ಕೆ ಎಂದು ಹೇಳುವುದುಂಟು. ಆ ವಿವರಣೆ ಸಾಲದೆಂಬುದು ನನ್ನ ವಾದ. ಎ ಜೀವಸತ್ವದ ಸಂಕೇತವನ್ನು ಅಳಿಸುವ ಕಿಣ್ವ ಕೈಗೆ ಸಿಕ್ಕಿದ್ದೇ ಮೀನಿನಿಂದ.

ಎ ಜೀವಸತ್ವಕ್ಕೂ ಭ್ರೂಣದ ಬೆಳವಣಿಗೆಗೂ ನಂಟಿದೆಯೆಂಬ ಸುಳಿವು ಹಳೆಯದು. 1933ರಲ್ಲಿ ಟೆಕ್ಸಾಸಿನ ಫ್ರೆಡ್ ಹೇಲ್, ಈ ಸತ್ವವಿಲ್ಲದ ಮೇವು ತಿಂದ ಹಂದಿ ಕಣ್ಣುಗುಡ್ಡೆಯೇ ಇಲ್ಲದ ಮರಿಗಳನ್ನು ಹಾಕಿದ್ದನ್ನು ವರದಿ ಮಾಡಿದರು. ಕೊರತೆಯಂತೆ ಅತಿಯೂ ಅಪಾಯ: ಮೊಡವೆಗೆ ಕೊಡುವ, ಎ ಜೀವಸತ್ವದ ವರ್ಗಕ್ಕೇ ಸೇರಿದ ಐಸೊಟ್ರೆಟಿನಾಯಿನ್ ಔಷಧವನ್ನು ಬಸಿರಿನಲ್ಲಿ ಸೇವಿಸಿದರೆ ಮಗುವಿನ ಮುಖ, ಹೃದಯ, ಮೆದುಳಿಗೆ ಊನವಾಗುತ್ತದೆಂದು 1980ರ ದಶಕದಲ್ಲಿ ತಿಳಿಯಿತು. ದೇಹ ಎ ಜೀವಸತ್ವವನ್ನು, ಅಂದರೆ ರೆಟಿನಾಲನ್ನು, ರೆಟಿನಾಲ್ಡಿಹೈಡಾಗಿಯೂ ಅದನ್ನು ರೆಟಿನಾಯಿಕ್ ಆಮ್ಲವಾಗಿಯೂ ಮಾರ್ಪಡಿಸುತ್ತದೆ. ಜೀನುಗಳಿಗೆ ಅಪ್ಪಣೆ ಕೊಡುವ ಸಂಕೇತ ಈ ಆಮ್ಲ. ಆ ಅಪ್ಪಣೆಯನ್ನು ಸ್ವೀಕರಿಸುವ ಗ್ರಾಹಕವನ್ನು 1987ರಲ್ಲಿ ಸ್ಟ್ರಾಸ್‌ಬರ್ಗಿನ ಪಿಯೆರ್ ಶಾಂಬೋನ್ ತಂಡವೂ ಕ್ಯಾಲಿಫೋರ್ನಿಯಾದ ರೊನಾಲ್ಡ್ ಇವಾನ್ಸ್ ತಂಡವೂ ಪ್ರತ್ಯೇಕವಾಗಿ ಕಂಡುಹಿಡಿದವು. ಶಾಂಬೋನ್ ತಂಡದ ಪ್ರಬಂಧದ ಮೊದಲ ಲೇಖಕ ಮಾರ್ಟಿನ್ ಪೆಟ್ಕೊವಿಚ್.

ಇದೇ ಪೆಟ್ಕೊವಿಚ್ ಮುಂದೆ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಜೀಬ್ರಾ ಮೀನಿನ ಬಾಲದ ಕಡೆಗೆ ತಿರುಗಿದರು. ಈ ಮೀನಿನ ಬಾಲದ ಈಜುರೆಕ್ಕೆಯನ್ನು ಕತ್ತರಿಸಿದರೆ ಕೆಲವು ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಹಾಗೆ ಚಿಗುರುವ ರೆಕ್ಕೆಗೆ ರೆಟಿನಾಯಿಕ್ ಆಮ್ಲ ಸೋಕಿದಾಗ ಯಾವ ಜೀನುಗಳು ಹೊಸದಾಗಿ ಎಚ್ಚರಗೊಳ್ಳುತ್ತವೆ ಎಂದು ಅವರ ತಂಡ ಹುಡುಕಿತು. ಸಿಕ್ಕಿದ್ದು ಆ ಆಮ್ಲವನ್ನೇ ಒಡೆಯುವ ಕಿಣ್ವ. 1996ರಲ್ಲಿ ಪ್ರಕಟವಾದ ಈ ಕಿಣ್ವಕ್ಕೆ ಇಂದಿನ ಹೆಸರು ಸಿವೈಪಿ26ಎ1. ಸಂಕೇತವೇ ತನ್ನನ್ನು ಅಳಿಸುವವನನ್ನು ಕರೆಸಿಕೊಳ್ಳುತ್ತದೆ ಎಂಬುದು ಇದರಿಂದ ಹೊರಬಂದ ದೊಡ್ಡ ಸಂಗತಿ. ಕೆರೆಯಲ್ಲಿ ನೀರೆಷ್ಟು ನಿಲ್ಲುತ್ತದೆಂದು ತಿಳಿಯಲು ಹಳ್ಳವನ್ನಷ್ಟೇ ಅಲ್ಲ, ತೂಬನ್ನೂ ನೋಡಬೇಕಲ್ಲವೇ? ಅಲ್ಲಿಯವರೆಗೆ ಸಂಶೋಧಕರ ಗಮನವೆಲ್ಲ ಹೆಚ್ಚಾಗಿ ಆಮ್ಲದ ಉತ್ಪತ್ತಿ ಮತ್ತು ಗ್ರಾಹಕದ ಮೇಲಿತ್ತು.

ಜೀಬ್ರಾ ಮೀನು ನಮ್ಮ ನೆಲದ್ದು. ಅದನ್ನು 1822ರಲ್ಲಿ ಗಂಗಾ ನದಿಯ ಮೀನುಗಳ ಗ್ರಂಥದಲ್ಲಿ ವರ್ಣಿಸಿದವರು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪುವಿನ ಪತನದ ಬೆನ್ನಲ್ಲೇ, 1800–01ರಲ್ಲಿ, ಮೈಸೂರು ಮತ್ತು ಕೆನರಾ ಸೀಮೆಗಳನ್ನು ಸುತ್ತಿ ಬರೆದ ಬುಕಾನನ್ ಇವರೇ. ಆ ಮೀನನ್ನು ತಳಿಶಾಸ್ತ್ರಕ್ಕೆ ತಂದ ಕೀರ್ತಿ ಅಮೆರಿಕದ ಆರಿಗನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅವರದು. 1981ರಲ್ಲಿ ಅವರು ತದ್ರೂಪಿ ಮೀನುಗಳನ್ನು ಪಡೆದ ವಿಧಾನವನ್ನು ಪ್ರಕಟಿಸಿದರು. ಈ ಮೀನಿನ ಮೊಟ್ಟೆ ತಾಯಿಯ ಒಡಲಿನ ಹೊರಗೇ ಬೆಳೆಯುತ್ತದೆ, ಭ್ರೂಣ ಗಾಜಿನಂತೆ ಪಾರದರ್ಶಕ. ಒಂದು ದಿನ ತುಂಬುವಷ್ಟರಲ್ಲಿ ಹೃದಯದ ಬಡಿತವನ್ನು ಸೂಕ್ಷ್ಮದರ್ಶಕದ ಕೆಳಗೆ ನೇರವಾಗಿ ನೋಡಬಹುದು. ಔಷಧವನ್ನು ಚುಚ್ಚಬೇಕಿಲ್ಲ, ನೀರಿಗೆ ಬೆರೆಸಿದರೆ ಸಾಕು. ಆಮ್ಲದ ಉತ್ಪತ್ತಿಯನ್ನು ತಡೆಯುವ ರಾಸಾಯನಿಕವನ್ನು ಬೇಕಾದ ಗಂಟೆಗೆ ಬೆರೆಸಿ, ಬೇಡವಾದಾಗ ಹೊಸ ನೀರಿಗೆ ಬದಲಾಯಿಸಬಹುದು. ಯಾವ ಹೊತ್ತಿನಲ್ಲಿ ಸಂಕೇತ ಅಗತ್ಯ ಎಂಬ ಪ್ರಶ್ನೆಯನ್ನು ತಾಯಿಯ ಗರ್ಭದೊಳಗಿರುವ ಇಲಿಯ ಭ್ರೂಣಕ್ಕೆ ಇಷ್ಟು ಸಲೀಸಾಗಿ ಕೇಳುವುದು ಕಷ್ಟ.

1990ರ ದಶಕದಲ್ಲಿ ಜರ್ಮನಿಯ ಟ್ಯೂಬಿಂಗನ್ ಮತ್ತು ಅಮೆರಿಕದ ಬಾಸ್ಟನ್‌ಗಳಲ್ಲಿ ನಡೆದ ಬೃಹತ್ ಶೋಧಗಳು ಊನಗೊಂಡ ಸಾವಿರಾರು ಮೀನುಗಳನ್ನು ಹೆಕ್ಕಿದವು. ಮುಂದಿನ ವರ್ಷಗಳಲ್ಲಿ ಇಂಥ ಹುಡುಕಾಟದಿಂದ ಈ ಚರಿತ್ರೆಗೆ ಬೇಕಾದ ಜೋಡಿ ಸಿಕ್ಕಿತು. 2001ರಲ್ಲಿ ವರದಿಯಾದ ‘ನೆಕ್‌ಲೆಸ್’ ಎಂಬ ತಳಿಯಲ್ಲಿ ಆಮ್ಲವನ್ನು ತಯಾರಿಸುವ ಕಿಣ್ವ ಕೆಟ್ಟಿತ್ತು: ತಲೆಯ ಹಿಂದಿನ ಭಾಗ ಮೊಟಕು, ಎದೆಯ ಈಜುರೆಕ್ಕೆಗಳೇ ಇಲ್ಲ. 2005ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದ ‘ಜಿರಾಫ್’ ತಳಿಯಲ್ಲಿ ಕೆಟ್ಟಿದ್ದು ಅಳಿಸುವ ಕಿಣ್ವ. ಅಲ್ಲಿ ಬೆನ್ನುಹುರಿಯ ಮುಂಭಾಗ ಹಿಗ್ಗಿತ್ತು. ಒಂದೇ ಜಾತಿಯ ಮೀನಿನಲ್ಲಿ ತಯಾರಿಯ ಕೊರತೆಯನ್ನೂ ಅಳಿಕೆಯ ಕೊರತೆಯನ್ನೂ ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಇದು. ಕ್ಯಾಲಿಫೋರ್ನಿಯಾದಲ್ಲಿ ಥಾಮಸ್ ಶಿಲ್ಲಿಂಗ್ ಅವರ ತಂಡ 2007ರಲ್ಲಿ, ಆಮ್ಲದ ಪ್ರಮಾಣ ಏರುಪೇರಾದರೂ ಅಳಿಸುವ ಕಿಣ್ವ ಅದಕ್ಕೆ ತಕ್ಕಂತೆ ಹೊಂದಿಕೊಂಡು ಭ್ರೂಣದ ವಿನ್ಯಾಸವನ್ನು ಕಾಪಾಡುತ್ತದೆಂದು ತೋರಿಸಿತು.

ಇಷ್ಟಾದರೂ ಆಮ್ಲವನ್ನು ಜೀವಂತ ಭ್ರೂಣದಲ್ಲಿ ಯಾರೂ ನೇರವಾಗಿ ಅಳೆದಿರಲಿಲ್ಲ. ಜಪಾನಿನ ರಿಕೆನ್ ಸಂಸ್ಥೆಯ ಅತ್ಸುಶಿ ಮಿಯಾವಾಕಿ ಮತ್ತು ಸಂಗಡಿಗರು ಗ್ರಾಹಕದ ತುಣುಕಿಗೆ ಬೆಳಗುವ ಪ್ರೋಟೀನುಗಳನ್ನು ಜೋಡಿಸಿ, 2013ರಲ್ಲಿ ಆ ಕೆಲಸವನ್ನೂ ಜೀಬ್ರಾ ಮೀನಿನಲ್ಲಿ ಮಾಡಿದರು. ನಡುದೇಹದಲ್ಲಿ ಆಮ್ಲ ಹೆಚ್ಚು. ತಲೆಯ ಕಡೆಗೂ ಬಾಲದ ಕಡೆಗೂ ಅದು ಇಳಿಯುತ್ತಾ ಹೋಗುತ್ತದೆ.

ಮೀನಿನ ಮಾತನ್ನು ಹಾಗೆಯೇ ಮನುಷ್ಯನಿಗೆ ಅನ್ವಯಿಸುವಂತಿಲ್ಲ. ಮನುಷ್ಯನಿಗಿರುವ ಬೀಟಾ ಬಗೆಯ ಗ್ರಾಹಕ ಜೀಬ್ರಾ ಮೀನಿನಲ್ಲಿಲ್ಲ. ಆಲ್ಫಾ ಮತ್ತು ಗಾಮಾ ಮಾತ್ರ ಎರಡೆರಡಿವೆ. ಆಮ್ಲ ತಯಾರಿಸುವ ಮೂರು ಕಿಣ್ವಗಳಲ್ಲಿ ಅದಕ್ಕಿರುವುದು ಎರಡು, ಜಪಾನಿನ ಮೆಡಾಕಾ ಮೀನಿಗೆ ಒಂದೇ. ಮನುಷ್ಯನ ಶಿಶುವಿಗೆ ಸತ್ವ ಬರುವುದು ತಾಯಿಯ ರಕ್ತದಿಂದ. ಮೀನಿನ ಭ್ರೂಣ ಅದನ್ನು ಮೊಟ್ಟೆಯ ಹಳದಿಯಲ್ಲಿ ಬುತ್ತಿ ಕಟ್ಟಿಕೊಂಡೇ ಬರುತ್ತದೆ, ಅದೂ ಬಹುಪಾಲು ರೆಟಿನಾಲ್ಡಿಹೈಡಿನ ರೂಪದಲ್ಲಿ. ಹಾಗಾಗಿ ತಾಯಿಯ ಆಹಾರದಲ್ಲಿನ ಕೊರತೆಯ ಪ್ರಶ್ನೆಗೆ ಇಲಿ, ಹಂದಿಗಳೇ ಇಂದಿಗೂ ಹತ್ತಿರದ ಮಾದರಿ.