ಗಾಯದ ಚೇತರಿಕೆಯ ಅವಧಿಯಲ್ಲಿ ನೋವು ಮರುಕಳಿಸಿದಾಗ: ವಿಮಾದಾರ ಕಾರ್ಮಿಕರಿಗೆ ಮಾಹಿತಿ

ಕಾರ್ಖಾನೆ, ಗಾರ್ಮೆಂಟ್ಸ್ ಘಟಕ, ಗೋದಾಮು ಮುಂತಾದೆಡೆ ಕೆಲಸದ ವೇಳೆ ಮೂಳೆ ಮುರಿತ, ಉಳುಕು ಅಥವಾ ಸೊಂಟದ ಪೆಟ್ಟಿಗೆ ಒಳಗಾದವರಲ್ಲಿ, ಗುಣಮುಖರಾಗುತ್ತಿರುವಾಗಲೇ ನೋವು ಏಕಾಏಕಿ ಉಲ್ಬಣಿಸುವುದುಂಟು. ಆಗ ಅನುಸರಿಸಬೇಕಾದ ಕ್ರಮಗಳನ್ನೂ ಇ.ಎಸ್.ಐ. ಯೋಜನೆಯಡಿ ದೊರೆಯುವ ನಗದು ಸೌಲಭ್ಯವನ್ನೂ ಇಲ್ಲಿ ವಿವರಿಸಲಾಗಿದೆ.

ನೋವು ಏಕೆ ಹೆಚ್ಚುತ್ತದೆ?

ನೋವು ಹೆಚ್ಚಿದ ಮಾತ್ರಕ್ಕೆ ಮೂಳೆ ಮತ್ತೆ ಮುರಿದಿದೆ ಎಂದು ಭಾವಿಸಬೇಕಾಗಿಲ್ಲ. ಮಣಿಕಟ್ಟಿನ ಮುರಿತಕ್ಕೆ ಹಾಕಿದ ಪ್ಲಾಸ್ಟರ್ ತೆಗೆಯುವ ವೇಳೆಗೆ ಕೀಲು ಬಿಗಿದು, ಸ್ನಾಯುಗಳು ಸೊರಗಿರುತ್ತವೆ; ಪೆಟ್ಟಾದ ಭಾಗದ ನರಗಳೂ ಸೂಕ್ಷ್ಮವಾಗಿರುತ್ತವೆ. ಹೊಲಿಗೆ ಯಂತ್ರದ ಮುಂದೆ ಮೊದಲ ದಿನವೇ ಪೂರ್ಣ ಪಾಳಿ ಕುಳಿತಲ್ಲಿ ಅಂದು ರಾತ್ರಿ ನೋವು ಕಾಣಿಸಿಕೊಳ್ಳುವುದು ಸಹಜ. ನಿದ್ರೆಗೇಡು ಹಾಗೂ ಸಂಬಳದ ಚಿಂತೆಯೂ ನೋವನ್ನು ಹೆಚ್ಚಿಸುತ್ತವೆ.

ಮನೆಯಲ್ಲಿ ಅನುಸರಿಸಬೇಕಾದ ಕ್ರಮಗಳು

ಒಂದೆರಡು ದಿನ ಶ್ರಮವನ್ನು ತಗ್ಗಿಸಬೇಕು, ಆದರೆ ಸಂಪೂರ್ಣವಾಗಿ ಮಲಗಿರಬಾರದು. ಹಾಸಿಗೆ ಹಿಡಿದಷ್ಟೂ ಕೀಲು ಬಿಗಿಯುತ್ತದೆ. ಸೊಂಟನೋವಿನಲ್ಲಂತೂ ದೀರ್ಘ ವಿಶ್ರಾಂತಿ ಚೇತರಿಕೆಯನ್ನೇ ತಡಮಾಡುತ್ತದೆ. ಫಿಸಿಯೋಥೆರಪಿಸ್ಟ್ ಕಲಿಸಿದ ವ್ಯಾಯಾಮವನ್ನು ನಿಲ್ಲಿಸದೆ ಅರ್ಧಕ್ಕೆ ಇಳಿಸಿ, ಅನಂತರ ದಿನೇ ದಿನೇ ಏರಿಸತಕ್ಕದ್ದು. ನೋವಿಲ್ಲದ ದಿನ ಬಾಕಿ ಕೆಲಸವನ್ನೆಲ್ಲ ಒಮ್ಮೆಗೇ ಮುಗಿಸುವ ಅಭ್ಯಾಸ ಮರುದಿನದ ನೋವಿಗೆ ದಾರಿಯಾಗುವುದರಿಂದ, ಕೆಲಸದ ನಡುವೆ ಬಿಡುವು ಪಡೆಯುವುದು ಸೂಕ್ತ.

ಊತವಿದ್ದಲ್ಲಿ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 15 ನಿಮಿಷ ಇಡಬಹುದು. ಊತವಿಲ್ಲದ ಬಿಗಿತಕ್ಕೆ ಬಿಸಿ ಶಾಖ ಹಿತ. ಸ್ಪರ್ಶಜ್ಞಾನ ಕಡಿಮೆಯಿರುವ ಭಾಗಕ್ಕೆ ಇವೆರಡೂ ಬೇಡ. ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಮಾತ್ರೆಗಳನ್ನು ವಯಸ್ಕರು 24 ಗಂಟೆಗಳಲ್ಲಿ ಯಾವ ಕಾರಣಕ್ಕೂ 8ಕ್ಕಿಂತ ಹೆಚ್ಚು ಸೇವಿಸಬಾರದು. ಯಕೃತ್ತಿನ ತೊಂದರೆ ಅಥವಾ ಮದ್ಯಪಾನದ ಅಭ್ಯಾಸವುಳ್ಳವರು ಮೊದಲು ವೈದ್ಯರನ್ನು ಕೇಳಬೇಕು. ಡೈಕ್ಲೋಫೆನಾಕ್‌ನಂತಹ ಮಾತ್ರೆಗಳನ್ನು ಔಷಧಿ ಅಂಗಡಿಯಿಂದ ತಾವಾಗಿಯೇ ತಂದು ನುಂಗುವುದು ಜಠರಕ್ಕೂ ಮೂತ್ರಪಿಂಡಕ್ಕೂ ಅಪಾಯಕಾರಿ.

ನಾಟಿ ಕಟ್ಟಿನ ಬಗ್ಗೆ ಒಂದು ಮಾತು. ಹಿರಿಯರ ಒತ್ತಾಯದಿಂದ ಹಲವರು ಪ್ಲಾಸ್ಟರ್ ತೆಗೆಸಿ ಎಣ್ಣೆ ಹಾಕಿ ನೀವಿಸಿಕೊಳ್ಳುತ್ತಾರೆ. ಮೊಣಕೈ ಪೆಟ್ಟಿನ ನಂತರ ಬಲವಾಗಿ ನೀವುವುದರಿಂದ ಸ್ನಾಯುವಿನೊಳಗೆ ಮೂಳೆ ಬೆಳೆದು ಕೈ ಮಡಚಲಾಗದಂತಾಗಬಹುದು. ಬಿಗಿಯಾದ ಕಟ್ಟಿನಿಂದ ರಕ್ತಸಂಚಾರ ನಿಂತು ಕೈಕಾಲನ್ನೇ ಕಳೆದುಕೊಂಡವರಿದ್ದಾರೆ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಪ್ಲಾಸ್ಟರ್‌ನೊಳಗೆ ತಡೆಯಲಾರದ ನೋವು, ಬೆರಳುಗಳು ನೀಲಿಗಟ್ಟುವುದು ಅಥವಾ ಮರಗಟ್ಟುವುದು. ಜ್ವರದೊಡನೆ ಗಾಯ ಕೆಂಪಾಗಿ ಕೀವು ಬರುವುದು. ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಎದೆನೋವು, ಉಸಿರಾಟದ ತೊಂದರೆ. ಸೊಂಟದ ಪೆಟ್ಟಿನ ನಂತರ ಮಲಮೂತ್ರ ಹಿಡಿತ ತಪ್ಪುವುದು. ಇವುಗಳಲ್ಲಿ ಯಾವುದೇ ಕಂಡುಬಂದಲ್ಲಿ ಬೆಳಗಾಗುವವರೆಗೆ ಕಾಯಬಾರದು.

ನಗದು ಸೌಲಭ್ಯ ಮತ್ತು ಪ್ರಮಾಣಪತ್ರ

ಉದ್ಯೋಗ ಸಂಬಂಧಿ ಗಾಯದಿಂದಾದ ತಾತ್ಕಾಲಿಕ ಅಶಕ್ತತೆಗೆ ಸರಾಸರಿ ದಿನಗೂಲಿಯ ಶೇ. 90ರಷ್ಟು, ಸಾಮಾನ್ಯ ಕಾಯಿಲೆಗೆ ಶೇ. 70ರಷ್ಟು ನಗದು ದೊರೆಯುತ್ತದೆ. ಕಾಯಿಲೆ ಸೌಲಭ್ಯಕ್ಕೆ ವರ್ಷಕ್ಕೆ 91 ದಿನಗಳ ಮಿತಿಯಿದೆ. ಅಶಕ್ತತೆಯ ಸೌಲಭ್ಯವು ವೈದ್ಯರು ದೃಢೀಕರಿಸಿದಷ್ಟು ಕಾಲ ಸಲ್ಲುತ್ತದೆ ಮತ್ತು ಅದಕ್ಕೆ ಕನಿಷ್ಠ ವಂತಿಗೆಯ ಷರತ್ತಿಲ್ಲ.

ಆದುದರಿಂದ ನೋವು ಮರುಕಳಿಸಿ ಚಿಕಿತ್ಸಾಲಯಕ್ಕೆ ಬಂದಾಗ "ಕೈನೋವು" ಎಂದಷ್ಟೇ ಹೇಳದೆ, ಹಿಂದಿನ ಅಪಘಾತದ ದಿನಾಂಕವನ್ನು ತಿಳಿಸಿ ಹಳೆಯ ಚೀಟಿ, ಎಕ್ಸ್‌ರೇಗಳನ್ನು ತೋರಿಸತಕ್ಕದ್ದು. ಈಗಿನ ನೋವು ಆ ಗಾಯದಿಂದಲೇ ಬಂದುದೆಂದು ವೈದ್ಯಾಧಿಕಾರಿಗಳು ದೃಢೀಕರಿಸಿದಲ್ಲಿ ಮಾತ್ರ ಹೆಚ್ಚಿನ ದರ ಅನ್ವಯಿಸುತ್ತದೆ. ಅಪಘಾತವಾದಾಗ ಮಾಲೀಕರು ವರದಿ ಸಲ್ಲಿಸಿದ್ದಾರೆಯೇ ಎಂಬುದನ್ನು ಶಾಖಾ ಕಛೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು. ವರದಿಯಿಲ್ಲದ ಗಾಯವನ್ನು ತಿಂಗಳುಗಳ ನಂತರ ಸಾಬೀತುಪಡಿಸುವುದು ಕಷ್ಟ.

ಸೌಲಭ್ಯ ಪಡೆಯುವ ದಿನಗಳಲ್ಲಿ ಕೂಲಿ ಕೆಲಸ ಮಾಡುವಂತಿಲ್ಲ. ಊರಿಗೆ ತೆರಳಬೇಕಾದಲ್ಲಿ ವೈದ್ಯಾಧಿಕಾರಿಗಳ ಅನುಮತಿ ಪಡೆಯತಕ್ಕದ್ದು. ಚಿಕಿತ್ಸೆ ಮುಗಿದ ಮೇಲೂ ಊನ ಉಳಿದಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಲು ಶಾಖಾ ಕಛೇರಿಯಲ್ಲಿ ಅರ್ಜಿ ಸಲ್ಲಿಸಬಹುದು. ಇ.ಎಸ್.ಐ. ನಿಗಮದ ಶುಲ್ಕರಹಿತ ದೂರವಾಣಿ: 1800-11-2526.